ಅವ್ವನ ಕಣ್ಣಿಗೊಂದು ಕ್ಯಾಮೆರಾ

ಶಕುಂತಲಾಬಾಯಿಯ ಕಣ್ಣು ಯಾವ ಫೋಟೋದಲ್ಲೂ ತೆರೆದಿರಲಿಲ್ಲ. ಮದುವೆಯ ಫೋಟೋದಲ್ಲಿ ಮುಚ್ಚಿದ್ದವು, ತಂಗಿ ಬಸುರಿದ್ದಾಗಿನ ಕುಬಸದ ಫೋಟೋದಲ್ಲೂ ಮುಚ್ಚಿದ್ದವು. ಮತದಾರರ ಗುರುತಿನ ಚೀಟಿಗೆ ಫೋಟೋ ತೆಗೆಯಲು ಬಂದವನಂತೂ ನಾಲ್ಕು ಸಲ ಫ್ಲ್ಯಾಷ್ ಹೊಡೆದು ಸೋತು, "ಓಟ್ ಹಾಕೋ ಮುಂದರ ಕಣ್ಣ ತೆರೀರವ್ವ" ಎಂದು ಕೈಮುಗಿದಿದ್ದ. ಬಸವಕಲ್ಯಾಣದ ಆ ಓಣಿ ತಿಂಗಳುಗಟ್ಟಲೆ ನಕ್ಕಿತು. ಮಗಳು ಪೂನಂ ಕೂಡ ನಕ್ಕಿದ್ದಳು. ಆದರೆ ೧೯೯೮ರ ಚಳಿಗಾಲದಲ್ಲಿ ನಾಂದೇಡದ ಕಡೆ ಅವಳ ಮದುವೆ ಗೊತ್ತಾಯಿತು, ನಗು ಅಲ್ಲಿಗೇ ನಿಂತಿತು. ಇನ್ನು ಮೂರು ವಾರಕ್ಕೆ ಹೊರಡಬೇಕು. ಆ ಊರಿನಲ್ಲಿ ಅವ್ವನನ್ನು ನೋಡಬೇಕೆನಿಸಿದರೆ ಕೈಗೆ ಸಿಗುವುದು ಎರಡು ಮುಚ್ಚಿದ ರೆಪ್ಪೆ ಮಾತ್ರ.

ಮುಡಬಿಯ ಶಾಲೆಯಲ್ಲಿ ಟೀಚರಾಗಿದ್ದ ಅವಳು ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುಮನಾಬಾದಿಗೆ ಹೋದಳು. ಅಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಮುದುಕ ಅಜೀಮುದ್ದೀನ್ ಗಾಜಿನ ಕೌಂಟರಿನ ಮೇಲೆ ಎರಡು ಕ್ಯಾಮೆರಾ ತಂದಿಟ್ಟರು. ಒಂದು ಹೊಸದು, ಹಗುರ, ಹಣೆಯ ಮೇಲೇ ಫ್ಲ್ಯಾಷ್. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ಕರಿಯದು, ಒಳ್ಳೇ ಭಾರ.

"ಈ ಹೊಸಾದ ತಗೋ ಬೇಟಾ. ಕತ್ತಲಿದ್ರ ತಾನೇ ಫ್ಲ್ಯಾಷ್ ಹೊಡಿತದ."

"ಅದು ಬ್ಯಾಡ್ರಿ ಚಾಚಾ. ಫ್ಲ್ಯಾಷ್ ಇಲ್ಲದ್ದೇ ಬೇಕ್ರಿ."

"ಅರೆ! ದುನಿಯಾ ಎಲ್ಲಾ ಫ್ಲ್ಯಾಷ್ ಕೇಳ್ತದ, ನೀ ಬ್ಯಾಡಂತಿ?"

ಪೂನಂ ಅವ್ವನ ಕಥೆ ಹೇಳಿದಳು. ಮುದುಕರು ಗಡ್ಡ ಅಲುಗುವಂತೆ ನಕ್ಕರು. ಆಮೇಲೆ ಕರಿಯ ಕ್ಯಾಮೆರಾ ಒರೆಸಿ ಅವಳ ಕೈಗಿಟ್ಟರು. "ಹಂಗಾದ್ರ ಇದೇ ಖರೆ. ಇದ್ದ ಬೆಳಕಿನಾಗೇ ಕೆಲಸ ಮಾಡ್ತದ, ಆದ್ರ ಸಾವಕಾಶ ಮಾಡ್ತದ. ಉಸಿರು ಹಿಡಿದು ಒತ್ತಬೇಕು. ಎದುರಿನವರೂ ಅಲುಗಾಡಬಾರದು."

ಅಲುಗಾಡದ ಅವ್ವನನ್ನು ಎಲ್ಲಿಂದ ತರುವುದು! ರೊಟ್ಟಿ ಬಡಿಯುವಾಗ ತೆಗೆದರೆ ಕೈಗಳು ಮಸುಕಾಗಿ ಹೊಗೆಯಾಗುವುದು ಖಂಡಿತ. ಅಂಗಳದಲ್ಲಿ ಕೂರಿಸಿ ಫ್ಲ್ಯಾಷ್ ಇಲ್ಲವೆಂದು ಎಷ್ಟು ಆಣೆ ಮಾಡಿದರೂ, ಕ್ಯಾಮೆರಾ ತಿರುಗಿದ ಕೂಡಲೇ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಆದರೂ ಪೂನಂಗೆ ಆ ವಾರ ಒಂದು ಬಗೆಯ ಅಮಲು. ಬೆಳಕನ್ನು ಅವಳು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಬೆಳಕಿಂಡಿಯಿಂದ ಇಳಿದ ಬಿಸಿಲು ಜೋಳದ ಚೀಲದ ಮೇಲೆ ಕೂರುವುದು, ಎದ್ದು ಗೋಡೆಯ ಗೂಡಿಗೆ ಹೋಗುವುದು, ಎಮ್ಮೆಯ ಬೆನ್ನಿನ ಮೇಲೆ ಮೆಲ್ಲಗೆ ಕರಗುವುದು. ಹುಟ್ಟಿದ ಮನೆ ನೀರಿನಡಿಯಲ್ಲಿ ಇದ್ದಂತೆ ಕಾಣುತ್ತಿತ್ತು. ಅದನ್ನೆಲ್ಲ ತೆಗೆದಳು, ರೊಟ್ಟಿ ಬಡಿಯುವ ಅವ್ವನ ಕೈಗಳನ್ನೂ ಬಿಡಲಿಲ್ಲ.

ಅವ್ವ ಕಲ್ಲಿನಂತೆ ಕೂರುವ ಹೊತ್ತು ದಿನಕ್ಕೆ ಒಂದೇ, ಬೆಳಗಿನ ಲಿಂಗಪೂಜೆ. ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಅದನ್ನೇ ದಿಟ್ಟಿಸುತ್ತ ಕೂತರೆ ಮುಗಿಯಿತು. ನಲವತ್ತು ವರ್ಷದಲ್ಲಿ ಪೂಜೆಯ ನಡುವೆ ಮಾತಾಡಿದವಳಲ್ಲ, ನೋಟ ಎತ್ತಿದವಳಲ್ಲ. ಪೂನಂ ಹೊಸ್ತಿಲಲ್ಲಿ ಕೂತು ಮೂರು ಬೆಳಗು, ಒಂಬತ್ತು ಸಲ ಬಟನ್ ಒತ್ತಿದಳು. ಪೂಜೆ ಮುಗಿದ ಮೇಲೆ ಬೈಗುಳ ತಪ್ಪಲಿಲ್ಲ.

"ಲಿಂಗಪೂಜಿ ಅಂದ್ರ ತಮಾಷಾ ಮಾಡೀಯೇನ?"

"ಲಿಂಗ ಕಾಣಲ್ಲವ್ವ. ನಿನ್ನ ಮುಖಾ ಅಷ್ಟೇ ತೆಗೀಲಾಕತ್ತೀನಿ."

ಮುಂದಿನ ಶನಿವಾರ ಹುಮನಾಬಾದಿನಲ್ಲಿ ಫೋಟೋ ಕೈಗೆ ಬಂದವು. ಬಸ್ಸಿನಲ್ಲೇ ಲಕೋಟೆ ಬಿಚ್ಚಿದ ಪೂನಂ ಪೆದ್ದಿಯಂತೆ ಕೂತುಬಿಟ್ಟಳು. ಅಂಗೈಯನ್ನು ನೋಡುವವರ ಕಣ್ಣು ಎದುರಿನಿಂದ ಮುಚ್ಚಿದಂತೆಯೇ ಕಾಣುತ್ತದೆ. ಇಷ್ಟು ಸಣ್ಣ ಸಂಗತಿ ಮಕ್ಕಳಿಗೆ ವಿಜ್ಞಾನ ಕಲಿಸುವ ಅವಳ ತಲೆಗೆ ಹೊಳೆದಿರಲಿಲ್ಲ. ಒಂಬತ್ತು ಫೋಟೋ, ಒಂಬತ್ತರಲ್ಲೂ ಇಳಿದ ರೆಪ್ಪೆ.

ಮನೆಯಲ್ಲಿ ಅವ್ವ ಒಂದೊಂದೇ ತಿರುವಿ ನೋಡಿದಳು. ಎಮ್ಮೆಯ ಫೋಟೋ ಕಂಡು ನಕ್ಕಳು. ಹೊಗೆಯಾದ ತನ್ನ ಕೈಗಳನ್ನು ಬಹಳ ಹೊತ್ತು ನೋಡಿದಳು.

"ಇದರಾಗೂ ಮುಚ್ಯಾವಲ್ಲ. ಯಾಕ ಬಿಡಲ್ಲವ್ವ ನೀ ನನ್ನ ಕಣ್ಣಾ?"

ಪೂನಂ ಬಿಕ್ಕಿದಳು. "ನಾಂದೇಡದಾಗ ನನ್ನ ಯಾರು ನೋಡ್ತಾರವ್ವ? ನೀ ನನ್ನ ನೋಡಿದಂಗ ಒಂದ ಫೋಟೋ ಒಯ್ಬೇಕಂತ ಮಾಡಿದ್ದೆ."

ಶಕುಂತಲಾಬಾಯಿ ಫೋಟೋಗಳನ್ನು ಜೋಡಿಸಿಟ್ಟು ಎಮ್ಮೆಗೆ ಮೇವು ಹಾಕಲು ಎದ್ದುಹೋದಳು.

ಮರುದಿನ ಬೆಳಿಗ್ಗೆ ಪೂನಂ ಸುಮ್ಮನೆ ಹೊಸ್ತಿಲಲ್ಲಿ ಕೂತಿದ್ದಳು. ಹೊಸ ರೀಲು ತುಂಬಿದ ಕ್ಯಾಮೆರಾ ಮಡಿಲಲ್ಲಿತ್ತು, ಎತ್ತುವ ಮನಸ್ಸಿರಲಿಲ್ಲ. ಕೋಣೆಯ ತುಂಬ ಹಾಲಿನಂಥ ಬೆಳಕು. ಅವ್ವ ನೀರೆರೆದಳು, ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು, ಅಂಗೈಯಲ್ಲಿ ನೋಟ ನೆಟ್ಟಳು. ಆಮೇಲೆ ತಲೆ ಎತ್ತಿದಳು.

ಮಗಳನ್ನು ನೇರ ನೋಡಿದಳು. ಪೂನಂ ಕ್ಯಾಮೆರಾ ಎತ್ತಿದಳು, ಈಗ ಮುಚ್ಚಿಕೊಳ್ಳುತ್ತವೆ, ಈಗ, ಎಂದು ಹೆದರುತ್ತಲೇ. ರೆಪ್ಪೆ ಅದುರಿದವು, ಕಣ್ಣಂಚಿನಲ್ಲಿ ನೀರು ನಿಂತಿತು, ಆದರೂ ಅವು ಮುಚ್ಚಲಿಲ್ಲ. ಬಟನ್ನಿನ ಸಪ್ಪಳವಾಯಿತು.

"ಆತೇನ?" ಎಂದಳು ಅವ್ವ, ಪೂಜೆಯ ಮಣೆಯ ಮೇಲಿಂದಲೇ.

"ಆತವ್ವ."

"ಪೂಜಿ ಕೆಟ್ಟದ. ಮತ್ತ ಮೊದಲಿಂದ ಮಾಡಬೇಕು. ಒಂದ ತಂಬಿಗಿ ನೀರ ತಾ, ಹೋಗು."

ಪೂನಂ ನೀರಿನ ಮನೆಗೆ ಹೋದಳು. ನಲ್ಲಿಯ ಕೆಳಗೆ ತಂಬಿಗೆ ತುಂಬಿ ಹರಿದು ಕಾಲು ತೊಯ್ದರೂ ಅವಳು ಹಾಗೇ ನಿಂತಿದ್ದಳು, ಒಳಗಿನಿಂದ ಅವ್ವ ಮತ್ತೊಮ್ಮೆ ಕರೆಯುವ ತನಕ.