ಸಾಲು ಬಿಟ್ಟು ನಿಂತ ಅಕ್ಷರ

ನಾನು ಒಂದು ಟೈಪ್‌ರೈಟರ್. ನನ್ನ ಹೊಟ್ಟೆಯಲ್ಲಿರುವುದೆಲ್ಲ ಇಂಗ್ಲಿಷ್ ಅಕ್ಷರಗಳೇ. ಕನ್ನಡ ಕಲಿತದ್ದು ಕಿವಿಯಿಂದ. ಧಾರವಾಡದ ಒಂದೇ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತರೆ ಕಲ್ಲಿಗೂ ಕನ್ನಡ ಬಂದೀತು, ಕಬ್ಬಿಣಕ್ಕೆ ಬಾರದೇ?

ಹುಟ್ಟಿದ್ದು ಸ್ಕಾಟ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಅಣ್ಣತಮ್ಮಂದಿರ ಮುಖ ಸರಿಯಾಗಿ ನೋಡುವ ಮೊದಲೇ ಪೆಟ್ಟಿಗೆಗೆ ಹಾಕಿ ಐರ್ಲೆಂಡಿನ ಡಬ್ಲಿನ್ನಿಗೆ ಕಳಿಸಿದರು. ಅಲ್ಲಿಯ ಅಂಗಡಿಯವಳು ಧೂಳು ಒರೆಸುವಾಗ ನನ್ನನ್ನು ಕೆಳಗೆ ಕೆಡವಿದಳು. 'ಇ' ಅಕ್ಷರದ ಕಡ್ಡಿ ಸೊಟ್ಟಗಾಯಿತು. ಅಂದಿನಿಂದ ಎಲ್ಲ ಅಕ್ಷರಗಳೂ ಸಾಲಿನಲ್ಲಿ ಕೂತರೆ ಅದೊಂದು ಮಾತ್ರ ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಪೆಟ್ಟು ಬೀಳಲೇಬೇಕೆಂದಿದ್ದರೆ ಯಾರೂ ಮುಟ್ಟದ ಝಡ್ ಅಕ್ಷರಕ್ಕೆ ಬೀಳಬಾರದಿತ್ತೇ? ಇಂಗ್ಲಿಷಿನಲ್ಲಿ 'ಇ' ಇಲ್ಲದೆ ಒಂದು ಸಾಲೂ ಮುಗಿಯುವುದಿಲ್ಲ. ನನ್ನ ಹಣೆಬರಹ.

ಸೊಟ್ಟ ಯಂತ್ರವನ್ನು ಯಾರು ಕೊಳ್ಳುತ್ತಾರೆ? ಎರಡು ವರ್ಷ ಮೂಲೆಯಲ್ಲಿ ಕೂತಿದ್ದೆ. ಕೊನೆಗೆ ತೆಳ್ಳಗಿನ, ಚಳಿಗೆ ನಡುಗುವ ಒಬ್ಬ ವಿದ್ಯಾರ್ಥಿ ಬಂದ. ಹೆಸರು ಗದಿಗೆಪ್ಪ ಮೂಲಿಮನಿ, ಊರು ಧಾರವಾಡ. ಐರ್ಲೆಂಡಿನ ಹಳೆಯ ಜನರಾದ ಕೆಲ್ಟರ ಇತಿಹಾಸ ಓದಲು ಹೋಗಿದ್ದ. ಆ ಜನ ಕಲ್ಲಿನ ಅಂಚಿನ ಮೇಲೆ ಎಡಕ್ಕಿಷ್ಟು, ಬಲಕ್ಕಿಷ್ಟು ಗೀಟು ಕೊರೆದು ಸತ್ತವರ ಹೆಸರು ಬರೆಯುತ್ತಿದ್ದರು. ಓಗಮ್ ಅಂತ ಅದರ ಹೆಸರು. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಹಾಳುಬಿದ್ದ ಒಂದು ಚರ್ಚಿನ ಬಳಿ ನಿಂತಿದ್ದ ಕಲ್ಲನ್ನು ಈತ ಎಲ್ಲರಿಗಿಂತ ಮೊದಲು ಓದಿದ. ಅದರಲ್ಲಿ ಯಾರೂ ಕೇಳದ ಒಬ್ಬ ರಾಜನ ಹೆಸರಿದೆ ಎಂದು ಸಾರಿದ. ಆ ಪ್ರಬಂಧವನ್ನು ಹೊಡೆದವನು ನಾನೇ. ದೊಡ್ಡ ದೊಡ್ಡ ಪಂಡಿತರು ಅವನ ಕೈ ಕುಲುಕಿದರು.

ಧಾರವಾಡಕ್ಕೆ ಬಂದ ಮೇಲೆ ಕುಲುಕುವ ಕೈಗಳಿರಲಿಲ್ಲ. ಕಾಲೇಜಿನ ಮೇಷ್ಟರುಗಳು "ಕೆಲ್ಟರು ಅಂದ್ರ ಯಾರ್ರೀ, ಕಲಘಟಗಿ ಕಡೆ ಮಂದಿಯೇನು?" ಎಂದು ನಗುತ್ತಿದ್ದರು. ಇಡೀ ಕರ್ನಾಟಕದಲ್ಲಿ ಈಗ ಪ್ರೊಫೆಸರಾಗಿದ್ದ ಮೂಲಿಮನಿಯವರ ಮಾತು ಅರ್ಥವಾಗುವ ಇನ್ನೊಂದು ಜೀವವಿರಲಿಲ್ಲ. ಮನೆಯಲ್ಲೂ ಒಬ್ಬರೇ. ಅಡುಗೆಗೆ ಬರುವ ಈರವ್ವ ರೊಟ್ಟಿ ಬಡಿದಿಟ್ಟು ಹೋದಳೆಂದರೆ ಮುಗಿಯಿತು. ಆಮೇಲೆ ಕೋಣೆಯಲ್ಲಿ ನಾನು, ಅವರು, ಗೋಡೆಯ ಮೇಲೆ ಆ ಕಲ್ಲಿನ ದೊಡ್ಡ ಫೋಟೊ.

ಅವರಿಗೊಂದು ಅಭ್ಯಾಸವಿತ್ತು. ಏನೇ ಬರೆಯಲಿ, ಸಾಲನ್ನು ಮೊದಲು ಬಾಯಿಬಿಟ್ಟು ಹೇಳುತ್ತಿದ್ದರು, ಆಮೇಲೆ ಬೆರಳು ಇಳಿಯುತ್ತಿತ್ತು. ಮಧ್ಯಾಹ್ನ ನನ್ನ ಮುಚ್ಚಳದ ಮೇಲೆ ಹಾಳೆ ಇಟ್ಟುಕೊಂಡು, ಪೆನ್ನಿನಿಂದ, ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. ಪತ್ತೇದಾರ ಯಾರೆಂದರೆ ನಿವೃತ್ತ ಪೋಸ್ಟ್‌ಮಾಸ್ತರ ದುಂಡಪ್ಪ. ಸೈಕಲ್ ಮೇಲೆ ಕೂತು ಕೊಲೆಗಾರರನ್ನು ಹಿಡಿಯುವವನು. ಪುಸ್ತಕದ ಮೇಲೆ ಮಾತ್ರ ಗರುಡಾಕ್ಷ ಎಂಬ ಹೆಸರು. ಪ್ರೊಫೆಸರು ಇಂಥದ್ದು ಬರೆಯುತ್ತಾರೆಂದು ತಿಳಿದರೆ ಮಾನ ಹೋಗುತ್ತದೆಂಬ ಅಂಜಿಕೆ. ಜನ ಮೂಲಿಮನಿಯವರನ್ನು ಓದಲಿಲ್ಲ, ಗರುಡಾಕ್ಷನನ್ನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಓದಿದರು. ಪೆನ್ನಿನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆಗ ಬಂದವಳು ನೀಲಗಂಗಾ ಹೊಸಮನಿ. ಎಂ.ಎ. ಮುಗಿಸಿ, ತಾನಾಗಿಯೇ "ಓಗಮ್ ಕಲಿಸ್ರಿ ಸರ್" ಎಂದು ಕೇಳಿದಳು. ಅವತ್ತು ಅವರು ಊಟ ಮಾಡುವುದನ್ನೇ ಮರೆತರು. ನಾಲ್ಕು ವರ್ಷ ಆ ಕೋಣೆಯಲ್ಲಿ ಇಬ್ಬರ ದನಿ ಇತ್ತು. ತನ್ನ ಮಹಾಪ್ರಬಂಧವನ್ನೆಲ್ಲ ಅವಳು ನನ್ನ ಮೇಲೆಯೇ ಹೊಡೆದಳು. ನನ್ನ 'ಇ' ಕಂಡು "ಇದೊಂದು ತುದಿಗಾಲ ಮ್ಯಾಲ ನಿಂತೈತಲ್ರೀ ಸರ್" ಎಂದು ನಕ್ಕಳು. ಅವರಿಗೆ ಅದರಿಂದಲೇ ಒಂದು ಕಥೆ ಹೊಳೆಯಿತು. ದುಂಡಪ್ಪನ ನಾಲ್ಕನೆಯ ಪುಸ್ತಕದಲ್ಲಿ ಕಳ್ಳ ಸಿಕ್ಕಿಬೀಳುವುದು ಟೈಪ್‌ರೈಟರಿನ ಒಂದು ಸೊಟ್ಟ ಅಕ್ಷರದಿಂದ. ಅದರ ಶುದ್ಧಪ್ರತಿ ಮಾಡಿಕೊಟ್ಟವಳೂ ಅವಳೇ. ಗರುಡಾಕ್ಷ ಯಾರೆಂದು ತಿಳಿದಿದ್ದದ್ದು ಪ್ರಕಾಶಕರನ್ನು ಬಿಟ್ಟರೆ ಅವಳೊಬ್ಬಳಿಗೆ.

ಓದು ಮುಗಿಸಿ ಅವಳು ಗದಗಿನ ಕಾಲೇಜಿಗೆ ಹೋದಳು. ಎರಡು ವರ್ಷದ ಮೇಲೆ ಡಬ್ಲಿನ್ನಿನ ಒಂದು ಪತ್ರಿಕೆಯಿಂದ ದಪ್ಪ ಲಕೋಟೆ ಬಂತು. ಬರೆದವರ ಹೆಸರು ತೆಗೆದ ಒಂದು ಪ್ರಬಂಧ, ಅಚ್ಚಿಗೆ ಯೋಗ್ಯವೋ ಅಲ್ಲವೋ ಹೇಳಿ ಎಂಬ ಕೋರಿಕೆ. ಪಂಡಿತರಲ್ಲಿ ಅದೊಂದು ಪದ್ಧತಿ. ಬರೆದವರು ಯಾರೆಂದು ತೀರ್ಪು ಕೊಡುವವರಿಗೆ ಹೇಳುವುದಿಲ್ಲ, ತೀರ್ಪು ಕೊಟ್ಟವರು ಯಾರೆಂದು ಬರೆದವರಿಗೆ ಹೇಳುವುದಿಲ್ಲ. ಪ್ರಬಂಧದ ವಾದ ಇಷ್ಟು: ಆ ಚರ್ಚಿನ ಕಲ್ಲನ್ನು ಹಿಂದೆ ಯಾರೋ ಕಿತ್ತು ತಲೆಕೆಳಗಾಗಿ ನೆಟ್ಟಿದ್ದಾರೆ. ತಿರುಗಿಸಿದರೆ ಎಡದ ಗೀಟು ಬಲಕ್ಕೆ ಬರುತ್ತದೆ, ಮೂಲಿಮನಿಯವರ ರಾಜ ಇಲ್ಲವಾಗುತ್ತಾನೆ.

ಅವರು ಒಂದು ಪುಟ ಓದುತ್ತಲೇ "ನೀಲಾ ಬರದದ್ದು ಇದು" ಎಂದರು. ವಾಕ್ಯ ಕಟ್ಟಲು ಕಲಿಸಿದವರಿಗೆ ಗೊತ್ತಾಗದೇ? ನನಗೇನೋ ಅವರು ಹಿಗ್ಗುತ್ತಾರೆ ಅನ್ನಿಸಿತ್ತು. ಹಿಗ್ಗಲಿಲ್ಲ. ಇದ್ದ ಒಬ್ಬನೇ ರಾಜನನ್ನು ಕಳೆದುಕೊಳ್ಳುವ ಭಯ ಅವರ ಬೆರಳಿಗೆ ಇಳಿಯಿತು. ಎರಡು ಪುಟ ಹೊಡೆದರು: ಎಳಸು ಬರಹ, ಲೇಖಕರಿಗೆ ಕಲ್ಲಿನ ಜ್ಞಾನವಿಲ್ಲ, ಈ ಕ್ಷೇತ್ರಕ್ಕೇ ತಕ್ಕವರಲ್ಲ. ಕೆಳಗೆ ಹೆಸರಿಲ್ಲ. ಹೊಡೆದದ್ದು ನನ್ನ ಮೇಲೆ. ಹತ್ತು ಕೊಲೆಗಾರರನ್ನು ಹಿಡಿಸಿದ ಮನುಷ್ಯನಿಗೆ ತನ್ನ ನಾಲ್ಕನೆಯ ಪುಸ್ತಕ ನೆನಪಾಗಲಿಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದೇ.

ಮೂರು ತಿಂಗಳಿಗೆ ಅವಳು ಬಂದಳು. ಚಪ್ಪಲಿ ಬಿಟ್ಟಳು, ಒಳಗೆ ಬಂದಳು. ಪತ್ರಿಕೆಯವರು ಕಳಿಸಿದ್ದ ಆ ಎರಡು ಪುಟಗಳನ್ನು ನನ್ನ ಪಕ್ಕದಲ್ಲಿಟ್ಟಳು. ಒಂದು ಬಿಳಿ ಹಾಳೆ ಸಿಕ್ಕಿಸಿ 'ಇ' ಕೀಲಿಯನ್ನು ಐದು ಸಲ ಒತ್ತಿದಳು. ಐದೂ ಸಲ ಅದು ಮೇಲೆದ್ದು ನಿಂತಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾ ತಪ್ಪಿದ್ರ ನನ್ನ ಮಾರಿ ನೋಡಿ ಬೈಬೇಕಿತ್ತು ಸರ್" ಎಂದಳು. ಅವರು ಕಿಟಕಿಯ ಕಡೆ ತಿರುಗಿಯೇ ಇದ್ದರು. ಅವಳು ಹೋದಳು.

ಆಮೇಲೆ ಅವಳು ಕಾಲೇಜು ಬಿಟ್ಟು, ಗದಗಿನಲ್ಲೇ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಮಾಜವಿಜ್ಞಾನ ಕಲಿಸುತ್ತಿದ್ದಾಳೆಂದು ಯಾರೋ ಹೇಳಿದರು. ಕೋಣೆಯಲ್ಲಿ ಮತ್ತೆ ಒಂದೇ ದನಿ ಉಳಿಯಿತು. ದುಂಡಪ್ಪನ ಕೇಸುಗಳು ವರ್ಷಕ್ಕೊಂದು ಬಂದವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ಅವರು ನನ್ನನ್ನು ಮುಟ್ಟುವುದನ್ನೇ ಬಿಟ್ಟರು. ಹತ್ತು ವರ್ಷ ನಾನು ಮುಚ್ಚಳದೊಳಗೆ ಕೂತು, ಮೇಲೆ ಪೆನ್ನು ಓಡುವ ಸದ್ದು ಕೇಳಿದೆ.

ಒಂದು ದಿನ ಅಂಗಳದ ಗೇಟಿನ ಕಲ್ಲುಕಂಬ ನೆಡಲು ಹುಸೇನಸಾಬ ಎಂಬ ಗೌಂಡಿ ಬಂದಿದ್ದ. ಚಹಾ ಕುಡಿಯಲು ಒಳಗೆ ಬಂದವನು ಗೋಡೆಯ ಫೋಟೊವನ್ನು ಬಹಳ ಹೊತ್ತು ನೋಡಿದ. "ಸಾಹೇಬ್ರ, ಈ ಕಲ್ಲು ಉಲ್ಟಾ ನಿಂತೈತ್ರಿ" ಎಂದ. "ನೆಲದಾಗ ಹೂಳೂ ಭಾಗ ಯಾರೂ ನಯ ಮಾಡೂದಿಲ್ಲ. ಆ ಒರಟು ಭಾಗ ಮುಗಿಲಿಗೆ ಮಾರಿ ಮಾಡೈತಿ ನೋಡ್ರಿ." ಅಷ್ಟು ಹೇಳಿ ಬಸಿಯಲ್ಲಿದ್ದ ಚಹಾ ಮುಗಿಸಿ ಕೆಲಸಕ್ಕೆ ಹೋದ.

ಅವರು ಫೋಟೊ ಇಳಿಸಿ, ತಿರುಗಿಸಿ, ಗೀಟುಗಳನ್ನು ಕೆಳಗಿನಿಂದ ಗಟ್ಟಿಯಾಗಿ ಓದಿದರು. ರಾಜನಿರಲಿಲ್ಲ. ಯಾವುದೋ ಸಾಮಾನ್ಯ ಮನುಷ್ಯನ ಹೆಸರು, ಅವನ ಅಪ್ಪನ ಹೆಸರು, ಅಷ್ಟೆ. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನ್ನ ಮುಚ್ಚಳ ತೆಗೆದರು. "ಡಿಯರ್ ನೀಲಗಂಗಾ" ಎಂದು ಹೊಡೆದರು, ಹರಿದರು. ಮತ್ತೆ ಹೊಡೆದರು, ಮತ್ತೆ ಹರಿದರು. ಕೊನೆಗೆ ಪೆನ್ನು ಹಿಡಿದು ಒಂದು ಕಾದಂಬರಿ ಬರೆದರು. ಅದರಲ್ಲಿ ಶಿಷ್ಯೆಯ ಪ್ರಬಂಧವನ್ನು ಹೆಸರಿಲ್ಲದೆ ಕೊಂದ ಮುದಿ ಪ್ರೊಫೆಸರನನ್ನು ದುಂಡಪ್ಪ ಹಿಡಿಯುತ್ತಾನೆ. ಒಂದು ಹೆಣವೂ ಬೀಳದ ಇದೆಂಥ ಪತ್ತೇದಾರಿ ಎಂದು ಓದುಗರು ಗೊಣಗಿದರು. ಮೂಲಿಮನಿಯವರಿಗೆ ಬೇಕಿದ್ದದ್ದು ಓದುವವಳು ಒಬ್ಬಳೇ. ದಿನಾ ಅಂಚೆಯವನ ದಾರಿ ನೋಡಿದರು.

ಎಂಟು ತಿಂಗಳ ಮೇಲೆ ಗದಗಿನಿಂದ ಒಂದು ಕಾರ್ಡು ಬಂತು. ಅವರು ಅದನ್ನೂ ಬಾಯಿಬಿಟ್ಟೇ ಓದಿದರು: "ಸರ್, ಪುಸ್ತಕ ಓದಿದೆ. ಸುಳ್ಳನ್ನು ಹೆಸರಿಲ್ಲದೆ ಬರೆದಿರಿ. ನಿಜವನ್ನು ಬೇರೆಯವನ ಹೆಸರಿನಲ್ಲಿ ಬರೆದಿರಿ. ನಿಮ್ಮ ಹೆಸರು ಎಲ್ಲಿದೆ?"

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಅವರು ನನ್ನ ಮುಂದೆ ಕೂತರು. ಡಬ್ಲಿನ್ನಿನ ಪತ್ರಿಕೆಗೆ ಒಂದು ಪುಟ ಹೊಡೆದರು: ಕಲ್ಲು ತಲೆಕೆಳಗಾಗಿದೆ, ನನ್ನ ಓದು ತಪ್ಪು, ಇದನ್ನು ಮೊದಲು ಕಂಡವಳು ನೀಲಗಂಗಾ ಹೊಸಮನಿ, ಅವಳ ಪ್ರಬಂಧವನ್ನು ತಡೆದವನು ನಾನು. ಕೆಳಗೆ ಪೂರ್ತಿ ಹೆಸರು, ಸಹಿ. ಮೂವತ್ತು ವರ್ಷದ ಕೀರ್ತಿ ಒಂದು ಪುಟದಲ್ಲಿ ಹೋಯಿತು. ನನ್ನ 'ಇ' ಎಲ್ಲ ಸಾಲುಗಳಲ್ಲೂ ತಲೆಯೆತ್ತಿ ನಿಂತಿತ್ತು. ನನಗೆ ಮೊದಲ ಸಲ ನಾಚಿಕೆಯಾಗಲಿಲ್ಲ.

ಅದನ್ನು ಅಂಚೆಗೆ ಹಾಕಿ ಬಂದು ಇನ್ನೊಂದು ಹಾಳೆ ಸಿಕ್ಕಿಸಿದರು. "ಡಿಯರ್ ನೀಲಗಂಗಾ" ಎಂದು ಹೊಡೆದು, ಅಲ್ಪವಿರಾಮ ಹಾಕಿದರು. ಮುಂದಿನ ಸಾಲನ್ನು ಎಂದಿನಂತೆ ಬಾಯಿಬಿಟ್ಟು ಹೇಳಿದರು. ಬೆರಳು ಮೇಲೆತ್ತಿದರು. ಬೆರಳು ಇಳಿಯಲಿಲ್ಲ. ತಲೆ ಮೆಲ್ಲಗೆ ನನ್ನ ಮೇಲೆ ಬಂದು ಒರಗಿತು. ರೊಟ್ಟಿ ಬಡಿಯಲು ಬಂದ ಈರವ್ವ ಕೂಗಿದಾಗ ಹೊತ್ತು ಮೀರಿತ್ತು.

ಪತ್ರಿಕೆಯ ಸಂಚಿಕೆ ಬಂದದ್ದು ಮರುವರ್ಷ. ಅವರ ಪತ್ರ, ಅದರ ಹಿಂದೆ ಅವಳ ಪ್ರಬಂಧ. ನೀಲಗಂಗಾ ಅದನ್ನು ಹಿಡಿದುಕೊಂಡು ಧಾರವಾಡಕ್ಕೆ ಬಂದಳು. ತಲೆಗೂದಲು ಅರ್ಧ ನೆರೆತಿತ್ತು. ಮನೆಯನ್ನು ಇನ್ನೂ ನೋಡಿಕೊಳ್ಳುತ್ತಿದ್ದ ಈರವ್ವ ನನ್ನನ್ನು ಎತ್ತಿ ಅವಳ ತೊಡೆಯ ಮೇಲಿಟ್ಟಳು. "ಕಾಗದ ಹಾಂಗs ಬಿಟ್ಟೀನಿ ನೋಡವ್ವಾ" ಎಂದಳು. ನೀಲಗಂಗಾ ಆ ಅಲ್ಪವಿರಾಮವನ್ನು ಬಹಳ ಹೊತ್ತು ನೋಡಿದಳು.

ಈಗ ನಾನು ಗದಗಿನಲ್ಲಿ, ಅವಳ ಮನೆಯ ಕಪಾಟಿನ ಮೇಲಿದ್ದೇನೆ. ಒಮ್ಮೆ ರಿಪೇರಿಯವನು ಬಂದು ಸೊಟ್ಟ ಅಕ್ಷರವನ್ನು ಎರಡು ನಿಮಿಷದಲ್ಲಿ ನೆಟ್ಟಗೆ ಮಾಡಿಕೊಡುತ್ತೇನೆಂದ. ಅವಳು ಬೇಡವೆಂದಳು. ಹಾಳೆಯನ್ನೂ ಅವಳು ತೆಗೆದಿಲ್ಲ. ಅದೀಗ ಹಳದಿಯಾಗಿದೆ. ಆಗಾಗ ಅವಳು ಎದುರಿಗೆ ಕೂತು "ಮುಂದ ಏನ್ ಬರಿಯಾವ್ರಿದ್ರಿ ಸರ್?" ಎಂದು ಕೇಳುತ್ತಾಳೆ.

ನನಗೆ ಗೊತ್ತಿದೆ. ಆ ಸಾಲನ್ನು ಕೇಳಿದವನು ಈ ಲೋಕದಲ್ಲಿ ನಾನೊಬ್ಬನೇ. "ತಪ್ಪಾತವ್ವಾ, ಮನೀಗೆ ಬಾ" ಎಂದಿದ್ದರು. ಇಂಗ್ಲಿಷ್ ಲಿಪಿಯಲ್ಲಾದರೂ ಅದನ್ನು ಬರೆಯಲು ಬೇಕಾದ ಅಕ್ಷರಗಳೆಲ್ಲ ನನ್ನ ಹೊಟ್ಟೆಯಲ್ಲಿವೆ. ಆದರೆ ಯಾರಾದರೂ ಬೆರಳಿಡದೆ ನಾನು ಒಂದನ್ನೂ ಹೊಡೆಯಲಾರೆ.