ಏಳನೇ ಬೋರಿನ ಕೊನೆಯ ಮೂರು ಮೀಟರ್

೧

ಎಲ್ಲಿಂದ ಶುರು ಮಾಡಲಿ?

ತಾಮ್ರದಿಂದಲೇ ಶುರು ಮಾಡೋಣ ಅಂತ ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದೆ: ‘ಬೆಳಗಿನ ಬಿಸಿಲಿಗೆ ಬಂಡೆಯೊಳಗಿನ ತಾಮ್ರ ಫಳಫಳ ಹೊಳೆಯಿತು.’ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡು, ಚಹಾ ಕಾಯಿಸಲು ಎದ್ದೆ. ವಾಪಸು ಬಂದು ನೋಡಿದರೆ ಕಥೆಯ ನಾಯಕಿ ಆ ವಾಕ್ಯಕ್ಕೆ ಅಡ್ಡಗೆರೆ ಎಳೆದು ಕೂತಿದ್ದಾಳೆ.

“ಹೊಳೆಯುತ್ತೆ ಅಂತ ಯಾರು ಹೇಳಿದ್ರು ಸಾರ್ ನಿಮಗೆ? ನಾವು ಹುಡುಕೋದು ಬೂದು ಬಣ್ಣದ್ದು. ಪೆನ್ಸಿಲ್ ಮೊನೆ ಮುರಿದು ಬಿದ್ದ ಹಾಗಿರುತ್ತೆ. ಹೊಳೆಯೋ ತಾಮ್ರ ಬೇಕಿದ್ರೆ ಪಾತ್ರೆ ಅಂಗಡಿಗೆ ಹೋಗಿ.”

(ಕಥೆ ಇನ್ನೂ ಕಣ್ಣು ಬಿಟ್ಟಿಲ್ಲ, ಆಗಲೇ ಬೈಸಿಕೊಂಡಾಯಿತು. ಮುಂದೆ ಹೋಗೋಣ.)

೨

ಹಾಗಾದರೆ ಊರಿಂದ.

ನಾಲ್ಕು ವರ್ಷದ ಹಿಂದೆ ಅಲ್ಲಿ ಒಂದು ಕವಲು ರಸ್ತೆ, ಒಂದು ಪೆಟ್ರೋಲ್ ಬಂಕು, ಅಷ್ಟೇ. ಭೂಮಿ ಕೊರೆಯುವ ರಿಗ್ ಹೊತ್ತು ಒಂದು ಕಂಪನಿ ಬಂತು. ಅದನ್ನು ನೋಡಿ ಇನ್ನೆರಡು ಬಂದವು. ಹಿಂದೆಯೇ ಡಾಂಬರು ಬಂತು, ಮೂರು ಲಾಡ್ಜು ಬಂದವು, ಸೇಫ್ಟಿ ಬೂಟು ಮಾರುವ ಅಂಗಡಿ ಬಂತು. ಪಂಕ್ಚರ್ ಹಾಕುವವನು ‘ಕಾಪರ್ ಟೈರ್ಸ್’ ಅಂತ ಬೋರ್ಡು ಬರೆಸಿದ. ಕ್ಷೌರದವನು ಬಿಡುತ್ತಾನೆಯೇ? ‘ಕಾಪರ್ ಹೇರ್ ಸ್ಟೈಲ್ಸ್’. ಬರದೇ ಉಳಿದಿದ್ದು ತಾಮ್ರ ಒಂದೇ.

ಮೊದಲು ಬಂದ ಕಂಪನಿ ಒಂಬತ್ತು ಬೋರು ಕೊರೆದಿತ್ತು. ಒಂಬತ್ತೂ ಖಾಲಿ. ಸೋಮವಾರ ಬೆಳಿಗ್ಗೆ ಹೆಡ್ಡಾಫೀಸಿನಿಂದ ಮೇಲ್ ಬಂತು: ಗುರುವಾರ ರಿಗ್ ಬಿಚ್ಚಿ ಲಾರಿಗೆ ಹಾಕಿ, ಕ್ಯಾಂಪ್ ಮುಚ್ಚಿ. ನಲವತ್ತು ಜನ ತಮ್ಮ ತಮ್ಮ ಹಾಸಿಗೆ ಸುತ್ತಿಕೊಳ್ಳಬೇಕು.

೩

ಈಗ ಅವಳು.

ಕ್ಯಾಂಪಿನ ಕೊನೆಯಲ್ಲಿ ತಗಡು ಹೊದಿಸಿದ ಉದ್ದನೆಯ ಶೆಡ್ಡು. ಬೋರಿನಿಂದ ಮೇಲೆ ಬಂದ ಕಲ್ಲು, ದೊಣ್ಣೆಯಷ್ಟು ದಪ್ಪದ ಕೋಲಿನ ಆಕಾರದ್ದು, ಅಲ್ಲಿ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿರುತ್ತದೆ. ಯಾವ ತುಂಡು ಎಷ್ಟು ಆಳದ್ದು ಅಂತ ಪ್ರತಿಯೊಂದರ ಪಕ್ಕ ಬರೆದಿರುತ್ತದೆ. ಆ ಶೆಡ್ಡಿನ ಯಜಮಾನಿ ಇವಳು. ವಯಸ್ಸು ಮೂವತ್ತೆಂಟು. ಎಲ್ಲರ ಬಾಯಲ್ಲೂ ‘ಪೆಟ್ಟಿಗೆಯಕ್ಕ’. ಭೂವಿಜ್ಞಾನದ ಡಿಗ್ರಿ ಇಲ್ಲ. ಹನ್ನೊಂದು ವರ್ಷದ ಹಿಂದೆ, ರಿಗ್ ಮೇಸ್ತ್ರಿಯಾಗಿದ್ದ ಅಪ್ಪನ ಜೊತೆ ಬೇರೊಂದು ಕ್ಯಾಂಪಿಗೆ ಹೋದವಳು ಪೆಟ್ಟಿಗೆ ತೊಳೆಯುವ ಕೆಲಸಕ್ಕೆ ಸೇರಿದಳು. ತೊಳೆಯುತ್ತ ತೊಳೆಯುತ್ತ ನೋಡಿದಳು. ನೋಡುತ್ತ ನೋಡುತ್ತ ಕೇಳಿದಳು. ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದಳು.

ಸೋಮವಾರ ಅವಳಿಗೆ ಸಿಕ್ಕ ಕೆಲಸ ಪೆಟ್ಟಿಗೆಗಳ ಪಟ್ಟಿ ಮಾಡುವುದು. ತೊಳೆಯದೇ ಮುಚ್ಚಿಟ್ಟಿದ್ದ ಏಳನೇ ಬೋರಿನ ಕೊನೆಯ ಪೆಟ್ಟಿಗೆಯನ್ನು ಮೊದಲ ಸಲ ತೆಗೆದಳು. ಇನ್ನೂರ ಹನ್ನೊಂದು ಮೀಟರಿನವರೆಗೆ ಕೆಂಪು ಮರಳುಗಲ್ಲು. ಆಮೇಲಿನ ಮೂರು ಮೀಟರ್? ಅದೂ ಕೆಂಪೇ. ಆದರೆ ಒಗೆದು ಒಗೆದು ಮಾಸಿದ ಅಂಗಿಯ ಹಾಗೆ. ಸ್ಪ್ರೇ ಬಾಟಲಿಯಿಂದ ನೀರು ಹಾಕಿ ನೋಡಿದಳು. ಕೆಂಪು, ಮಾಸಲು ಕೆಂಪು, ಕಟ್ಟಕಡೆಯ ತುಂಡು ಹೆಚ್ಚುಕಡಿಮೆ ಗುಲಾಬಿ.

ಅವಳ ಎದೆ ಡವಡವ ಅಂದಿತು. (ಈ ವಾಕ್ಯಕ್ಕೆ ಅವಳು ಅಡ್ಡಗೆರೆ ಎಳೆದಿಲ್ಲ. ನಿಜವೇ ಇರಬೇಕು.)

ಯಾಕೆ ಅಂತ ನಾನು ಹೇಳಿದರೆ ಪಾಠವಾಗುತ್ತದೆ. ಅವಳೇ ಹೇಳಲಿ.

“ನೆಲದೊಳಗೆ ಉಪ್ಪುನೀರು ಕೆಂಪು ಕಲ್ಲಿನ ಸಂದಿಯಲ್ಲಿ ಓಡಾಡ್ತಾ ತಾಮ್ರ ಹೊತ್ಕೊಂಡು ಹೋಗ್ತಿರುತ್ತೆ ಸಾರ್. ಹಳೇ ಕೆಸರು ಗಟ್ಟಿಯಾಗಿರೋ ಬೂದುಗಲ್ಲು ಅಡ್ಡ ಸಿಕ್ಕಿದ ಕಡೆ, ಹೊರೆ ಇಳಿಸಿಬಿಡುತ್ತೆ. ಕೆಂಪು ಮುಗಿದು ಬೂದು ಶುರುವಾಗೋ ಗಡಿ ಇದೆಯಲ್ಲ, ಅಲ್ಲೇ ನಮ್ಮ ಹುಡುಕಾಟ. ಕೆಂಪು ಮಾಸ್ತಾ ಇದೆ ಅಂದ್ರೆ ಗಡಿ ಹತ್ತಿರ ಬಂತು ಅಂತ. ನಾವು ಬಾಗಿಲ ತನಕ ಹೋಗಿ, ತಟ್ಟದೇ ವಾಪಸ್ ಬಂದಿದ್ವಿ.”

ಆ ಬೋರು ಇನ್ನೂರ ಅರವತ್ತು ಮೀಟರ್ ಹೋಗಬೇಕಿತ್ತು. ಇನ್ನೂರ ಹದಿನಾಲ್ಕಕ್ಕೆ ನಿಲ್ಲಿಸಿದ್ದು ಯಾರು?

ಅಪ್ಪ.

೪

ಅಪ್ಪನಿಗೆ ಅರವತ್ತೊಂದು. ಎಂಜಿನ್ ಸದ್ದಿಗೆ ಅರ್ಧ ಕಿವುಡ. ಆದರೂ ಭೂಮಿಗೆ ಇಳಿಸುವ ಕೊರೆಯುವ ರಾಡಿನ ಮೇಲೆ ಅಂಗೈ ಇಟ್ಟರೆ ಕೆಳಗೆ ಎಂಥ ಕಲ್ಲಿದೆ ಅಂತ ಹೇಳುವ ಮನುಷ್ಯ. ಮೂರು ಕಂಪನಿಯಲ್ಲೂ ಅವನ ಮಾತಿಗೆ ಎದುರಾಡಿದವರಿಲ್ಲ.

ಇಲ್ಲಿ ನಾಯಕಿ ಎರಡು ದಿನ ಕಣ್ಣೀರಿಟ್ಟು ಹೊಯ್ದಾಡಲಿ ಅಂತ ಎರಡು ಪುಟ ಬರೆದೆ. ಹರಿದು ಹಾಕಿಸಿದಳು. “ಗುರುವಾರ ರಿಗ್ ಹೋಗುತ್ತೆ. ನಿಮ್ಮ ಎರಡು ದಿನ ಎಲ್ಲಿಂದ ತರಲಿ?”

ಅವತ್ತೇ ಮಧ್ಯಾಹ್ನ, ಮೆಸ್ಸಿನಲ್ಲಿ ಅಪ್ಪ ಊಟಕ್ಕೆ ಕೂತಾಗ ಎದುರಿಗೆ ಕೂತಳು.

“ಅಪ್ಪ, ಏಳನೇ ಬೋರು ಬೇಗ ನಿಲ್ಲಿಸಿಬಿಟ್ವಿ.”

“ಯಾರು ಹೇಳಿದ್ದು?”

“ಕೊನೇ ಪೆಟ್ಟಿಗೆ ನೋಡಿದೆ. ಬಣ್ಣ ಬಿಡ್ತಾ ಇದೆ. ಕೆಳಗೆ ಬೂದುಗಲ್ಲಿದೆ.”

“ಕೆಳಗೂ ಅದೇ ಕೆಂಪು ಅಂತ ಅವತ್ತೇ ಹೇಳಿದೀನಲ್ಲ.”

“ನೀನು ಹೇಳಿದ್ದೆ ಅಪ್ಪ. ಕಲ್ಲು ಹೇಳಿರಲಿಲ್ಲ.”

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. “ಹೆತ್ತ ಅಪ್ಪನ ಮೇಲೆ ಸಾಹೇಬರ ಹತ್ತಿರ ಕಂಪ್ಲೇಂಟ್ ಕೊಡ್ತೀಯೇನೇ?”

“ನಿನ್ನ ಹತ್ತಿರ ಮೊದಲು ಹೇಳೋಣ ಅಂತ ಬಂದೆ. ಅವರ ಹತ್ತಿರ ಇವತ್ತೇ ಹೇಳ್ತೀನಿ.”

ಅಪ್ಪ ಅರ್ಧ ಊಟಕ್ಕೆ ಎದ್ದು ಹೋದ. ಅವಳು ತನ್ನ ತಟ್ಟೆ ಪೂರ್ತಿ ಖಾಲಿ ಮಾಡಿದಳು. ಇಪ್ಪತ್ತು ಕಿಲೋ ಪೆಟ್ಟಿಗೆ ಎತ್ತುವುದಿತ್ತು.

೫

ಆಫೀಸು ಅಂದರೆ ಒಂದು ಹಡಗಿನ ಕಂಟೇನರು. ಒಳಗೆ ದೊಡ್ಡ ಸಾಹೇಬರು, ಅಂದರೆ ಕ್ಯಾಂಪಿನ ಮುಖ್ಯ ಭೂವಿಜ್ಞಾನಿ, ಜೊತೆಗೆ ಲ್ಯಾಪ್‌ಟಾಪಿನ ಎಂಜಿನಿಯರ್ ಒಬ್ಬ. ಹರಡಿದ್ದ ನಕ್ಷೆಯ ಮೇಲೆಯೇ ಪೆಟ್ಟಿಗೆ ಧೊಪ್ಪೆಂದು ಬಿತ್ತು.

“ಏನಮ್ಮ ಇದು? ಪಟ್ಟಿ ಮಾಡು ಅಂದ್ರೆ ಕಲ್ಲೇ ಹೊತ್ತು ತಂದಿದೀಯ?”

ಅವಳು ಹೇಳಿದಳು. ಎಂಜಿನಿಯರ್ ಪರದೆ ತಿರುಗಿಸಿ ತೋರಿಸಿದ. “ಅಕ್ಕ, ನಮ್ಮ ಮಾಡೆಲ್ ಪ್ರಕಾರ ಅಲ್ಲಿ ಏನೂ ಇಲ್ಲ.”

“ನಿಮ್ಮ ಮಾಡೆಲ್ಲಿಗೆ ಇನ್ನೂರ ಹದಿನಾಲ್ಕರ ತನಕ ತಾನೇ ಗೊತ್ತು? ನಾನು ಕೇಳ್ತಿರೋದು ಅದರ ಕೆಳಗಿನದು.”

ಸಾಹೇಬರು ಕನ್ನಡಕ ಏರಿಸಿ ತುಂಡನ್ನು ಒದ್ದೆ ಮಾಡಿ ತಿರುಗಿಸಿ ನೋಡಿದರು. ಬಹಳ ಹೊತ್ತು ನೋಡಿದರು. “ಕೆಳಗೂ ಇದೇ ಅಂತ ಮೇಸ್ತ್ರಿ ಹೇಳಿದ್ದಕ್ಕೇ ಅಲ್ವಾ ನಾನು ಸಹಿ ಹಾಕಿದ್ದು?”

ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಯಾವಾಗ ಬಂದನೋ.

(ಒಂದು ಡ್ರಾಫ್ಟಿನಲ್ಲಿ ಅಪ್ಪ ಮಗಳನ್ನು ಎಲ್ಲರೆದುರು ಗದರಿಸುತ್ತಾನೆ. ಇನ್ನೊಂದರಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾನೆ. ಎರಡನ್ನೂ ಬರೆದೆ, ಎರಡೂ ಸುಳ್ಳು ಅನ್ನಿಸಿತು. ಅವನು ಮಾಡಿದ್ದು ಇಷ್ಟು.)

ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

“ಅವತ್ತು ರಾಡು ಕಚ್ಕೊಂಡಿತ್ತು ಸಾರ್. ಇನ್ನೂ ಇಳಿಸಿದ್ರೆ ಅಷ್ಟೂ ರಾಡು ಒಳಗೇ ಉಳಿಯುತ್ತೆ ಅಂತ ಹೆದರಿದೆ. ಹೆದರಿದೆ ಅಂತ ಹೇಳೋಕೆ ನಾಚಿಕೆಯಾಯ್ತು. ಕೆಳಗೆ ಏನೂ ಇಲ್ಲ ಅಂದುಬಿಟ್ಟೆ. ಕೆಳಗೆ ಏನಿದೆಯೋ ನನಗೆ ಗೊತ್ತಿರಲಿಲ್ಲ. ಅವಳು ಹೇಳ್ತಿರೋದೇ ಸರಿ.”

ಅವಳಿಗೆ ಅಪ್ಪ ಅಷ್ಟು ಎತ್ತರ ಇದ್ದಾನೆ ಅಂತ ಅವತ್ತೇ ಗೊತ್ತಾಗಿದ್ದು.

“ಗುರುವಾರ ಮಧ್ಯಾಹ್ನದ ತನಕ ಟೈಮಿದೆ,” ಅಂದರು ಸಾಹೇಬರು. “ಕೊರೀರಿ.”

೬

ಮಂಗಳವಾರ ರಿಗ್ ಎಳೆದು ಏಳನೇ ಬೋರಿನ ಬಾಯಿಗೆ ನಿಲ್ಲಿಸುವುದರಲ್ಲೇ ಕಳೆಯಿತು. ಬುಧವಾರ ಕೊರೆತ. ಲಿವರ್ ಮೇಲಿನ ಕೈಯನ್ನು ಅಪ್ಪ ಬೇರೆ ಯಾರಿಗೂ ಬಿಡಲಿಲ್ಲ. ಇನ್ನೂರ ಇಪ್ಪತ್ತು. ತಿಳಿಗುಲಾಬಿ. ಇನ್ನೂರ ಇಪ್ಪತ್ತೇಳಕ್ಕೆ ರಾಡು ಮತ್ತೆ ಕಚ್ಚಿತು. ಅಪ್ಪ ಎಂಜಿನ್ ವೇಗ ಇಳಿಸಿದ, ಕಣ್ಣು ಮುಚ್ಚಿದ, ಅಂಗೈಯನ್ನು ರಾಡಿಗೆ ಒತ್ತಿ ನಿಂತ. ಕಾಲು ತಿರುವು ಹಿಂದೆ, ಅರ್ಧ ತಿರುವು ಮುಂದೆ, ಮತ್ತೆ ಹಿಂದೆ. ಒಂದೂವರೆ ಗಂಟೆ. ಬಿಟ್ಟಿತು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ, ಇನ್ನೂರ ಮೂವತ್ತೆಂಟು ಮೀಟರಿನಿಂದ ಕಲ್ಲು ತುಂಬಿದ ಕೊಳವೆ ಮೇಲೆ ಬಂತು. ಓರೆ ಹಿಡಿದು ಬಡಿದಾಗ ಪೆಟ್ಟಿಗೆಗೆ ಜಾರಿದ್ದು ಕೆಂಪಲ್ಲ. ಬೂದು. ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಬೂದು.

ಅವಳು ಒದ್ದೆ ಮಾಡಿದಳು. ಲೆನ್ಸ್ ಕಣ್ಣಿಗೆ ಹಚ್ಚಿ ಬಗ್ಗಿದಳು. ಪದರ ಪದರದಲ್ಲೂ ಕರಿಮೆಣಸಿನ ಪುಡಿ ಉದುರಿಸಿದಂತೆ ಕಪ್ಪುಬೂದು ಚುಕ್ಕೆ. ಚಾಕುವಿನ ಮೊನೆಗೆ ಮೆತ್ತಗೆ ಕುಯ್ಯಿಸಿಕೊಂಡವು. ಕೆರೆದು, ಪುಡಿ ಮಾಡಿ, ಗಾಜಿನ ಲೋಟದ ಆಸಿಡ್ಡಿನಲ್ಲಿ ಹಾಕಿ ಬಿಸಿ ಮಾಡಿ, ಆರಿದ ಮೇಲೆ ಒಂದು ಕಬ್ಬಿಣದ ಮೊಳೆ ಅದ್ದಿದಳು. ಸುತ್ತ ನಲವತ್ತು ಜನ.

ಮೊಳೆ ಹೊರಗೆ ಬಂದಾಗ ಕೆಂಪಾಗಿತ್ತು. ಅದರ ಮೈಮೇಲೆಲ್ಲ ತಾಮ್ರ ಕೂತಿತ್ತು.

“ಕೊಡಿಲ್ಲಿ, ನಾನೂ ನೋಡ್ತೀನಿ,” ಅಂತ ಅಪ್ಪ ಲೆನ್ಸ್ ಇಸಕೊಂಡು ಮಾರುದೂರ ಹಿಡಿದ. “ಕಣ್ಣಿಗೆ ಹಚ್ಚಪ್ಪ, ಕಲ್ಲನ್ನ ಹತ್ತಿರ ತಾ,” ಅಂತ ಮಗಳು ಅವನ ಮೊಣಕೈ ಹಿಡಿದು ಸರಿಮಾಡಿದಳು. ಅಪ್ಪ ನೋಡಿದ.

“ಅಯ್ಯೋ! ಹಿಂದಿನ ಕ್ಯಾಂಪುಗಳಲ್ಲಿ ಇಂಥದ್ದರ ಮೇಲೆ ಎಷ್ಟು ಸಲ ಗ್ರೀಸ್ ಕೈ ಒರೆಸಿದೀನೋ!”

ಆಗ ನಗು ಒಡೆಯಿತು ನೋಡಿ, ತಗಡು ಹಾರಿಹೋಗುವ ಹಾಗೆ.

ಸಾಹೇಬರು ದಾಖಲೆಯ ಹಾಳೆ, ಪೆನ್ನು ಅವಳ ಮುಂದೆ ಇಟ್ಟರು. “ನೀವೇ ಬರೀರಿ. ಕೆಳಗಿನ ಸಹಿನೂ ನಿಮ್ಮದೇ ಇರಲಿ.”

‘ನೀವು’ ಅಂದಿದ್ದು ಅವಳಿಗೆ ಕೇಳಿಸಿತು. ಕೇಳಿಸಲಿಲ್ಲ ಎನ್ನುವ ಹಾಗೆ ಬಗ್ಗಿ, ಆಳ, ಬಣ್ಣ, ಕಣದ ಗಾತ್ರ, ಎಲ್ಲ ಬರೆದಳು. ಸಹಿ ಮಾತ್ರ ಎಂದಿಗಿಂತ ಸ್ವಲ್ಪ ದೊಡ್ಡದಾಗಿ ಬಿತ್ತು.

ಅವತ್ತು ಸಂಜೆ ಕಾಪರ್ ಟೈರ್ಸ್ ಮುಂದಿನ ಬೆಂಚಿನಲ್ಲಿ ಅಪ್ಪ ಸಿಕ್ಕಸಿಕ್ಕವರನ್ನು ಕೂರಿಸಿಕೊಂಡು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. “ನಲವತ್ತು ವರ್ಷದಲ್ಲಿ ನನ್ನ ತಪ್ಪು ಹಿಡಿದೋರು ಒಬ್ಬರಿದ್ರೆ ತೋರಿಸಿ. ಇಲ್ಲ! ಕೊನೆಗೂ ಹಿಡಿದಿದ್ದು ಯಾರು? ನನ್ನ ಮಗಳು!”

೭

ಇನ್ನು ಮುಕ್ತಾಯ.

ಮುಕ್ತಾಯ ಒಂದು: ಅಲ್ಲಿ ದೊಡ್ಡ ಗಣಿ ಎದ್ದಿತು. ಹೆಬ್ಬಾಗಿಲಿನ ಮೇಲೆ ಅವಳ ಹೆಸರು.

“ಒಂದು ಬೋರಿಗೆ ಗಣಿ ಆಗೋದಾದ್ರೆ ನಾವೆಲ್ಲ ಯಾಕೆ ಬೇಕು ಸಾರ್?”

ಮುಕ್ತಾಯ ಎರಡು: ಲ್ಯಾಬಿನ ರಿಪೋರ್ಟ್ ಬಂತು. ತಾಮ್ರ ಇದೆ, ಸಾಕಾಗುವಷ್ಟಿಲ್ಲ. ರಿಗ್ ಲಾರಿ ಏರಿತು.

“ರಿಪೋರ್ಟ್ ಬರೋಕೆ ಇನ್ನೂ ಆರು ವಾರ ಇದೆ. ನಿಮಗೇನು ಅವಸರ?”

“ಅಮ್ಮಾ ತಾಯಿ, ಓದುಗರು ಕಾಯ್ತಿದಾರೆ. ಕೊನೇಲಿ ಏನಾಯ್ತು ಅಂತ ಕೇಳಲ್ವಾ?”

“ನಾವು ಕಾಯ್ತಿಲ್ವಾ? ಅವರೂ ಬಂದು ನಿಲ್ಲಲಿ.”

ಗೊತ್ತಿರುವಷ್ಟು ಹೇಳುತ್ತೇನೆ. ಕಂಪನಿ ಎರಡು ತಿಂಗಳು ಕೊಟ್ಟಿದೆ. ಹತ್ತನೇ ಬೋರು ಎಲ್ಲಿ ಕೊರೆಯಬೇಕು ಅಂತ ನಕ್ಷೆಯ ಮೇಲೆ ಬೆರಳಿಟ್ಟವಳು ಅವಳು, ಏಳನೆಯದರಿಂದ ನಾನೂರು ಮೀಟರ್ ಆಚೆ. ಬೂದುಗಲ್ಲು ಅಲ್ಲಿಯವರೆಗೆ ಚಾಚಿದೆಯೋ, ಮಧ್ಯದಲ್ಲೇ ತೆಳುವಾಗಿ ಸತ್ತಿದೆಯೋ, ನನಗೆ ಗೊತ್ತಿಲ್ಲ. ಬರೆಯುವವನಿಗೆ ಎಲ್ಲ ಗೊತ್ತಿರುತ್ತದೆ ಅಂತ ನಿಮಗೆ ಯಾರೋ ಸುಳ್ಳು ಹೇಳಿದ್ದಾರೆ.

ಈ ಸಾಲು ಬರೆಯುವಾಗ ಹತ್ತನೇ ಬೋರು ಇನ್ನೂರ ಒಂಬತ್ತು ಮೀಟರಿನಲ್ಲಿದೆ. ಅಪ್ಪ ಕೈಯೆತ್ತಿ ಕೂಗುತ್ತಿದ್ದಾನೆ. ಕೊಳವೆ ಮೇಲೆ ಬರುತ್ತಿದೆ. ಕಲ್ಲು ಪೆಟ್ಟಿಗೆಗೆ ಜಾರಿತು. ಅವಳು ನೀರು ಹಾಕಿ ಬಗ್ಗಿದ್ದಾಳೆ. ನಾನೂ ಪೆನ್ನು ಹಿಡಿದು ಅವಳ ಭುಜದ ಮೇಲಿಂದ ಇಣುಕಿದೆ.

“ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ,” ಅಂದಳು ತಲೆ ಎತ್ತದೆ. “ಬೆಳಕಿಗೆ ಅಡ್ಡ ಬರ್ತಿದೀರಿ.”