ಯಾರೂ ನೋಡದ ಹೊಡೆತ

"ತಡೀರಿ! ಹೊಡೀಬೇಡಿ, ಒಂದ್ನಿಮಿಷ ತಡೀರಿ!"

ರ್‍ಯಾಬ್ ಸ್ಮಶಾನದ ಗೋಡೆ ಹತ್ತಿ ಕೂಗುತ್ತಿದ್ದ. ಗೋಡೆಯಾಚೆ ಗಾಲ್ಫ್ ಮೈದಾನದ ಏಳನೇ ಕುಳಿಯ ಕಡೆಗೆ ಕೋಲು ಎತ್ತಿದ್ದ ಕೆಂಪು ಸ್ವೆಟರಿನವನು ಹಾಗೇ ನಿಂತ. ಜೊತೆಯ ಮೂವರೂ ತಿರುಗಿ ನೋಡಿದರು.

"ಪೆಟ್ಟಿಗೆ ಇಳಿಸೋಕೆ ಎಂಟು ಹಗ್ಗ ಇದೆ. ಹಿಡಿಯೋರು ಮೂರೇ ಜನ. ಬರ್ತೀರಾ?"

"ಹೋದದ್ದು ಯಾರು?"

"ಆರ್ಚಿ ಲಮ್ಸ್‌ಡನ್."

ನಾಲ್ವರೂ ಮುಖ ಮುಖ ನೋಡಿಕೊಂಡರು.

"ದಿನಾ ಬೆಳಿಗ್ಗೆ ಕುಳಿ ಕೊರೀತಿದ್ದನಲ್ಲ, ಹುಲ್ಲು ನೋಡಿಕೊಳ್ತಿದ್ದನಲ್ಲ, ಆ ಮುದುಕ."

"ಅಯ್ಯೋ, ಅವನಾ! ಇಪ್ಪತ್ತು ವರ್ಷ ಬೈದಿದ್ದೀನಿ ಕಣಯ್ಯಾ ಅವನನ್ನ. ಬರ್ದೆ ಇದ್ರೆ ಆಗುತ್ತಾ?" ಎಂದ ಕೆಂಪು ಸ್ವೆಟರಿನವನು.

"ಹಿಂದೆ ಆಡ್ತಾ ಬರ್ತಿರೋರು ಗಲಾಟೆ ಮಾಡ್ತಾರೆ," ಎಂದು ಇನ್ನೊಬ್ಬ ಗೊಣಗಿದ.

"ಮುಂದೆ ಬಿಡು ಅವರನ್ನ. ಅಪರೂಪಕ್ಕೆ ಒಂದು ಪುಣ್ಯ ಬರಲಿ."

ಚೀಲಗಳನ್ನು ಹುಲ್ಲಿನ ಮೇಲೆ ಮಲಗಿಸಿ ನಾಲ್ವರೂ ಗೋಡೆ ದಾಟಿದರು.

*

ಆರ್ಚಿ ಮೂವತ್ತೆಂಟು ವರ್ಷ ಆ ಕೆಲಸ ಮಾಡಿದ; ಕೊನೆಯ ಕೆಲವು ವರ್ಷ ರ್‍ಯಾಬ್ ಅವನ ಕೈಕೆಳಗೆ ಕೆಲಸ ಕಲಿತ. ಹುಲ್ಲು ಒಂದೇ ಕಡೆ ಸವೆಯದಿರಲೆಂದು ದಿನವೂ ನಸುಕಿನಲ್ಲಿ ಹಳೆಯ ಕುಳಿ ಮುಚ್ಚಿ ಬೇರೆ ಕಡೆ ಹೊಸದು ಕೊರೆಯುತ್ತಿದ್ದ. ಚೆಂಡು ತಪ್ಪಿದವರೆಲ್ಲ ಅವನನ್ನೇ ಶಪಿಸುತ್ತಿದ್ದರು. "ಕುಳಿ ಬೆಳಿಗ್ಗೆಯಿಂದ ಅಲ್ಲೇ ಇದೆ ಸಾರ್," ಎನ್ನುತ್ತಿದ್ದ ಅವನು, "ಅತ್ತಿತ್ತ ಹೋಗಿದ್ದು ನಿಮ್ಮ ಚೆಂಡೇ."

ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಒಬ್ಬನೇ ಆಡುತ್ತಿದ್ದ. ಬಾ ಎಂದು ಯಾರೂ ಕರೆಯಲಿಲ್ಲ, ಅವನೂ ಯಾರನ್ನೂ ಕೇಳಲಿಲ್ಲ.

ಒಂದು ಜೂನ್ ಸಂಜೆ ಅವನು ಚೆಂಡನ್ನು ಅಂಗೈಯಲ್ಲಿಟ್ಟುಕೊಂಡು ಕ್ಲಬ್ಬಿನ ಬಾಗಿಲಲ್ಲಿ ನಿಂತ. "ಏಳನೇದು. ಒಂದೇ ಹೊಡೆತಕ್ಕೆ ಒಳಗೆ ಹೋಯ್ತು."

"ನೋಡಿದವರು?" ಎಂದರು ಕಾರ್ಯದರ್ಶಿ ಲೋರಿಮರ್. ಒಂದೇ ಹೊಡೆತಕ್ಕೆ ಕುಳಿ ಸೇರಿಸಿದವರ ಹೆಸರಿನ ಹಲಗೆ ಕ್ಲಬ್ಬಿನ ಗೋಡೆಯಲ್ಲಿತ್ತು; ಸಾಕ್ಷಿ ಇಲ್ಲದೆ ಅದರಲ್ಲಿ ಹೆಸರು ಬರೆಸುವ ಹಾಗಿರಲಿಲ್ಲ.

"ಎರಡು ಕಡಲಹಕ್ಕಿ ಇದ್ವು ಸಾರ್. ಆದ್ರೆ ಅವು ಕ್ಲಬ್ಬಿನ ಸದಸ್ಯರಲ್ಲ."

ಎಲ್ಲರೂ ನಕ್ಕರು. ಅವನೂ ನಕ್ಕ. ಚೆಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋದ.

*

ಏಳು ಹಗ್ಗಕ್ಕೆ ಏಳು ಜನರಾದರು. ತಲೆಯ ಕಡೆಯ ಹಗ್ಗ ಹಾಗೇ ಬಿದ್ದಿತ್ತು. ಸ್ಕಾಟ್ಲೆಂಡಿನ ಆ ಕಡಲೂರಿನಲ್ಲಿ ಅದನ್ನು ತೀರ ಹತ್ತಿರದವರೇ ಹಿಡಿಯಬೇಕು. ಪಾದ್ರಿ ಪುಸ್ತಕ ಮುಚ್ಚಿ ಸುತ್ತ ನೋಡಿದರು.

"ನನಗೆ ಕೊಡಿ," ಎಂದಳು ಹಿಂದೆ ನಿಂತಿದ್ದ ಎಫಿ ಗೌ. ಎಪ್ಪತ್ತೊಂಬತ್ತರ ವಿಧವೆ, ಏಳನೇ ಕುಳಿಯ ಎದುರಿನ ಮನೆಯವಳು.

"ಮಿಸೆಸ್ ಗೌ," ಲೋರಿಮರ್ ಮೆಲ್ಲಗೆ ಕೇಳಿದರು, "ನೀವು ಅವನಿಗೆ ಏನಾಗಬೇಕು?"

"ಏನೂ ಆಗ್ಬೇಕಿಲ್ಲ. ನಾನು ನೋಡಿದ್ದೆ."

"ಏನನ್ನ?"

"ಆ ಹೊಡೆತಾನ. ಮಹಡಿ ಕಿಟಕೀಲಿದ್ದೆ. ಚೆಂಡು ಎರಡು ಸಲ ಪುಟಿದು ಸೀದಾ ಒಳಗೆ ಹೋಯ್ತು."

"ಗಾಳಿ ಎದುರಿಗಿತ್ತಾ?" ಕೆಂಪು ಸ್ವೆಟರಿನವನಿಗೆ ತಡೆಯಲಾಗಲಿಲ್ಲ.

"ಎದುರಿಗೇ."

ಅವನು ತಲೆಯ ಟೋಪಿ ತೆಗೆದ.

"ಮೂವತ್ತೊಂದು ವರ್ಷ ಆಯ್ತಲ್ಲಮ್ಮ," ಎಂದರು ಲೋರಿಮರ್. "ಆಗಲೇ ಒಂದು ಮಾತು ಹೇಳಬಾರದಿತ್ತಾ?"

"ನಮ್ಮೆಜಮಾನ್ರು ಬದುಕಿದ್ರು. ದಿನಾ ಸಂಜೆ ಕಿಟಕೀಲಿ ನಿಂತು ಏನು ನೋಡ್ತೀಯ ಅಂತ ಕೇಳಿದ್ರೆ ಏನು ಹೇಳ್ಲಿ?"

"ಅವರು ಹೋಗಿಯೂ ಹನ್ನೆರಡು ವರ್ಷ..."

"ಆಗ, ತಡ ಆಯ್ತು ಅಂದ್ಕೊಂಡೆ." ಅವಳು ಪೆಟ್ಟಿಗೆಯನ್ನು ನೋಡಿದಳು. "ಚೆಂಡು ಒಳಗೆ ಹೋದ ಮೇಲೆ ಅವನು ಎರಡೂ ಕೈ ಎತ್ತಿದ. ಎತ್ತಿಕೊಂಡೇ ಸುತ್ತ ತಿರುಗಿದ, ಯಾರಾದ್ರೂ ಇದ್ದಾರಾ ಅಂತ. ನಮ್ಮ ಕಿಟಕಿ ಕಡೆಗೂ ನೋಡ್ದ. ನಾನು ಪರದೆ ಹಿಂದೆ ಸರಿದೆ."

ಆಚೆ ಯಾರದೋ ಚೆಂಡು ಟಕ್ಕೆಂದಿತು.

"ಹಲಗೇಲಿ ಹೆಸರು ಬರೆಸ್ತೀನಿ," ಎಂದರು ಲೋರಿಮರ್.

"ಬರೆಸಿ," ಎಂದಳು ಎಫಿ. "ಈಗ ಹಗ್ಗ ಕೊಡಿ."

ಪೆಟ್ಟಿಗೆ ಮೆಲ್ಲಗೆ ಇಳಿಯಿತು. ಹಗ್ಗ ಕೈಯೊಳಗೆ ಸರಿಯುತ್ತಿದ್ದರೂ ಅವಳು ಕೊನೆಯವರೆಗೂ ಹಿಡಿತ ಬಿಡಲಿಲ್ಲ.

ಆಟಗಾರರು ಗೋಡೆ ದಾಟಿ ಹೋದರು. ಪಾದ್ರಿ, ಲೋರಿಮರ್ ಹೊರಟರು. ಮಣ್ಣು ಮುಚ್ಚಿದ ಮೇಲೆ ರ್‍ಯಾಬ್ ಹುಲ್ಲಿನ ಹೆಂಟೆಗಳನ್ನು ತಾನೇ ಜೋಡಿಸಿದ. ಕರಿಯ ಕೋಟಿನಲ್ಲೇ ಬೋರಲು ಮಲಗಿ, ಆರ್ಚಿ ಕಲಿಸಿದ ಹಾಗೆ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಹುಲ್ಲಿನ ಮಟ್ಟ ನೋಡಿದ. ಹೊರಡುವಾಗ ಎಫಿಗೆ, "ಬನ್ನಿ, ಮನೆವರೆಗೂ ಬಿಡ್ತೀನಿ," ಎಂದ.

"ನೀನು ಹೋಗಪ್ಪ."

ಮಧ್ಯಾಹ್ನ ಪೂರ್ತಿ ಗುಂಪಿನ ಹಿಂದೆ ಗುಂಪು ಏಳನೇ ಕುಳಿಗೆ ಬಂದಿತು. ಕೋಲು ಎತ್ತುವ ಮೊದಲು ಪ್ರತಿಯೊಬ್ಬರೂ ಗೋಡೆಯತ್ತ ನೋಡಿದರು. ಹೊಸ ಸಮಾಧಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮುದುಕಿಯೊಬ್ಬಳು ನಿಂತಿದ್ದಳು. ಅವರು ನೋಡಿದಷ್ಟು ಹೊತ್ತೂ ಅವಳು ಅಲ್ಲಿಂದ ಸರಿಯಲಿಲ್ಲ.